ಮತ ಹಾಕಿ ಮನೆಗೆ ಬಂದ ಮೇಲೆ

(ಯುವ ಕಾರ್ಯಕರ್ತರ ಒಂದು ದಿನದ ಶಿಬಿರದಲ್ಲಿ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತುಸು ತಿದ್ದಿದೆ.)



ಮಾತು ಶುರು ಮಾಡುವ ಮೊದಲು ಒಂದು ತಕರಾರಿದೆ. ಹತ್ತು ನಿಮಿಷದ ಹಿಂದೆ ನೀವು ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಸಂತೋಷ. ಆದರೆ ಬೆಳಿಗ್ಗೆ ಆರು ಗಂಟೆಗೇ ಬಂದು ಈ ಸಭಾಂಗಣ ಗುಡಿಸಿ, ಕುರ್ಚಿ ಜೋಡಿಸಿ, ನೀರು ತುಂಬಿಟ್ಟ ಅಮ್ಮ ಅಲ್ಲಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಾರೆ. ಅವರಿಗೆ ಒಂದು ಕುರ್ಚಿ ಕೊಡಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಿರಲಿಲ್ಲ. ಹಾರ ಕುತ್ತಿಗೆಗೆ ಬಿದ್ದು, ನಾನು ಕೈ ಮುಗಿದು ತಲೆ ಎತ್ತಿದಾಗ ಅವರ ಮುಖ ಕಂಡಿತು, ಅಷ್ಟೆ. ದಯವಿಟ್ಟು ಯಾರಾದರೂ ಕರೆದು ಕೂರಿಸಿ. ಮುಂದಿನ ಸಾಲಿನಲ್ಲಿ ಜಾಗ ಇದೆ. ಆಮೇಲೆ ಮಾತಾಡೋಣ.

ಹಾಂ. ಕೂತರು. ಕೂರುವಾಗ ಎಷ್ಟು ಮುಜುಗರಪಟ್ಟರು ನೋಡಿದಿರಲ್ಲ? ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ನನಗೆ ನೀವು ಕೊಟ್ಟಿರುವ ವಿಷಯ ಪ್ರಜಾಪ್ರಭುತ್ವ. ವಿಷಯ ಶುರುವಾಗುವುದು ಆ ಕುರ್ಚಿಯ ತುದಿಯಿಂದಲೇ.

ಮೊದಲು ಆ ಪದವನ್ನೇ ನೋಡಿ. ಪ್ರಜೆ ಅಂದರೆ ಯಾರು? ಹಳೆಯ ಕಾಲದಲ್ಲಿ ರಾಜ ಇದ್ದಲ್ಲಿ ಪ್ರಜೆ ಇದ್ದ. ಕಂದಾಯ ಕಟ್ಟುವವನು, ಕೈ ಕಟ್ಟಿ ನಿಲ್ಲುವವನು, ಅರಮನೆಯ ಮುಂದೆ ಹಾದು ಹೋಗುವಾಗ ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಸುತ್ತಿಕೊಳ್ಳುವವನು. ಅವನೇ ಪ್ರಭುವಾಗುತ್ತಾನೆ ಎನ್ನುತ್ತದೆ ಈ ಪದ. ಒಂದೇ ಪದದೊಳಗೆ ಎರಡು ಕಾಲ ಕೂತಿವೆ. ಕಾನೂನಿನ ಪ್ರಕಾರ ನಾವು ಎರಡನೆಯ ಕಾಲಕ್ಕೆ ಬಂದು ಎಪ್ಪತ್ತೈದು ವರ್ಷ ದಾಟಿತು. ನಮ್ಮ ಸೊಂಟ ಮಾತ್ರ ಇನ್ನೂ ಮೊದಲನೆಯ ಕಾಲದ ಹಾಗೆಯೇ ಬಾಗುತ್ತದೆ.

ನಮ್ಮ ನಾಡಿನ ಚರಿತ್ರೆಯಿಂದಲೇ ಹೇಳುತ್ತೇನೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರೆಯ ಹೊತ್ತಿಗೆ 144 ಮಂದಿ ಮೈಸೂರಿನಲ್ಲಿ ಸೇರಿದರು. ಇಡೀ ದೇಶದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು ಎಂದು ನಾವು ಎದೆ ತಟ್ಟಿಕೊಳ್ಳುತ್ತೇವೆ, ತಟ್ಟಿಕೊಳ್ಳಬೇಕಾದದ್ದೇ. ಆದರೆ ಬಂದವರು ಏನು ಮಾಡಬಹುದಿತ್ತು? ದಿವಾನರು ವರ್ಷದ ಆಡಳಿತದ ವರದಿ ಓದುವುದನ್ನು ಕೇಳಬಹುದಿತ್ತು. ತಮ್ಮ ಸೀಮೆಯ ಕಷ್ಟಸುಖ ಅರಿಕೆ ಮಾಡಿಕೊಳ್ಳಬಹುದಿತ್ತು. ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಅರಿಕೆ ಅವರದು, ಅಪ್ಪಣೆ ಅರಮನೆಯದು.

ಅರಿಕೆಯಿಂದ ಅಧಿಕಾರಕ್ಕೆ ಬರಲು ನಮಗೆ 66 ವರ್ಷ ಹಿಡಿಯಿತು. ಆ ದಾರಿಯಲ್ಲಿ ರಕ್ತವೂ ಇದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದು ಸೇರಿದ ಜನರ ಮೇಲೆ ಗುಂಡು ಹಾರಿತು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಮೇಲೂ ಮೈಸೂರಿನವರು ‘ಮೈಸೂರು ಚಲೋ’ ಎಂದು ಬೀದಿಗಿಳಿದ ಮೇಲೆಯೇ ಜವಾಬ್ದಾರಿ ಸರ್ಕಾರ ಬಂದದ್ದು. ಅಷ್ಟೆಲ್ಲ ಮಾಡಿ ಬಂದ ನಾವು ಇವತ್ತು ಏನು ಮಾಡುತ್ತಿದ್ದೇವೆ? ಮನವಿ ಪತ್ರ ಕೊಡುತ್ತಿದ್ದೇವೆ! ಹತ್ತು ಜನ ಸಾಲಾಗಿ ನಿಂತು, ಅಧಿಕಾರಿಯ ಕೈಗೆ ಕಾಗದ ಕೊಟ್ಟು, ಫೋಟೋ ಹೊಡೆಸಿಕೊಂಡು ಬರುತ್ತೇವೆ. ಆ ಕಾಗದ ಏನಾಯಿತು ಎಂದು ತಿಂಗಳಾದ ಮೇಲೆ ಹೋಗಿ ಕೇಳುವವರು ನಮ್ಮಲ್ಲಿ ಎಷ್ಟು ಜನ? ಇದು 1881ರ ದಸರೆಯೇ. ಆನೆ, ಅಂಬಾರಿ ಇಲ್ಲ, ಅಷ್ಟೆ.

ಅಂಬೇಡ್ಕರ್ ಅವರ ಹೆಸರು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ. ಅವರ ಪ್ರತಿಮೆಗೆ ಹಾರ ಹಾಕುವವರು ಬಹಳ, 1949ರ ನವೆಂಬರ್ 25ರಂದು ಅವರು ಸಂವಿಧಾನ ಸಭೆಯಲ್ಲಿ ಆಡಿದ ಮಾತನ್ನು ಓದಿದವರು ಕಡಿಮೆ. ಮರುದಿನ ಸಂವಿಧಾನ ಅಂಗೀಕಾರ ಆಗುವುದಿತ್ತು. ಬೇರೆ ಯಾರಾದರೂ ಆಗಿದ್ದರೆ ಬೆನ್ನು ತಟ್ಟಿಕೊಂಡು ಕೂರುತ್ತಿದ್ದರು. ಅವರು ಎಚ್ಚರಿಸಿದರು. ಒಬ್ಬ ವ್ಯಕ್ತಿ ಎಷ್ಟೇ ದೊಡ್ಡವನಿರಲಿ, ನಿಮ್ಮ ಸ್ವಾತಂತ್ರ್ಯವನ್ನು ಅವನ ಕಾಲ ಬುಡದಲ್ಲಿ ಇಡಬೇಡಿ ಅಂದರು. ಧರ್ಮದಲ್ಲಿ ಭಕ್ತಿ ಇರಬಹುದು, ರಾಜಕೀಯದಲ್ಲಿ ಭಕ್ತಿ ಬಂದರೆ ಕೊನೆಗೆ ಸರ್ವಾಧಿಕಾರ ಬರುತ್ತದೆ ಎನ್ನುವುದು ಅವರ ವಾದ. ಇನ್ನೊಂದು, ಇದಕ್ಕಿಂತ ಕಹಿಯಾದದ್ದು: ಜನವರಿ 26ರಿಂದ ಎಲ್ಲರಿಗೂ ಒಂದೇ ಮತ, ಎಲ್ಲ ಮತಕ್ಕೂ ಒಂದೇ ಬೆಲೆ, ಆದರೆ ಬೀದಿಯಲ್ಲಿ, ಮನೆಯಲ್ಲಿ, ಸಂತೆಯಲ್ಲಿ ಮನುಷ್ಯನಿಗೆ ಒಂದೇ ಬೆಲೆ ಇಲ್ಲ. ಈ ಎರಡನ್ನೂ ಒಟ್ಟಿಗೆ ಎಷ್ಟು ದಿನ ನಡೆಸುತ್ತೀರಿ ಎಂದು ಅವರು ಕೇಳಿದರು.

ಈ ಯೋಚನೆ ಅವರಲ್ಲಿ ಬಹಳ ಹಿಂದಿನದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಜಾನ್ ಡ್ಯೂಯಿ ಎಂಬ ತತ್ವಜ್ಞಾನಿಯ ಪಾಠ ಕೇಳಿದ್ದರು. ಪ್ರಜಾಪ್ರಭುತ್ವ ಅಂದರೆ ಸರ್ಕಾರದ ಒಂದು ನಮೂನೆ ಮಾತ್ರವಲ್ಲ, ಜನ ಒಬ್ಬರ ಜೊತೆ ಒಬ್ಬರು ಕೂಡಿ ಬಾಳುವ ರೀತಿ ಎಂಬ ಆ ಗುರುವಿನ ವಿಚಾರವನ್ನು ಅಂಬೇಡ್ಕರ್ ನಮ್ಮ ಜಾತಿಯ ನೆಲಕ್ಕೆ ತಂದು ನೆಟ್ಟರು. 1936ರ ‘ಜಾತಿ ವಿನಾಶ’ದಲ್ಲಿ ಅದು ಇದೆ. ಆ ಭಾಷಣ ಆಡಲು ಅವರಿಗೆ ಬಿಡಲೇ ಇಲ್ಲ ಎಂಬುದೂ ನೆನಪಿರಲಿ. ಕರೆದ ಲಾಹೋರಿನ ಸಂಘದವರೇ, ಬರೆದದ್ದನ್ನು ಓದಿ, ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರು. ಅವರು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು.

ಸರಿ, ಕೂಡಿ ಬಾಳುವುದು ಅಂದರೇನು? ನಿಮ್ಮ ಮನೆಗೇ ಹೋಗೋಣ. ರಾತ್ರಿ ಒಂಬತ್ತು ಗಂಟೆಗೆ ನೀವು ಸಂಘದ ಕೆಲಸ ಮುಗಿಸಿ, ಸಮಾನತೆಯ ಬಗ್ಗೆ ಗಂಟಲು ಹರಿಯುವಂತೆ ಕೂಗಿ, ಮನೆಗೆ ಬರುತ್ತೀರಿ. ತಟ್ಟೆ ಬರುತ್ತದೆ. ಬಿಸಿ ಮುದ್ದೆ, ಸಾರು. ನೀವು ಉಂಡು ಕೈ ತೊಳೆದು ಹೋದಮೇಲೆ ನಿಮ್ಮಮ್ಮ ಪಾತ್ರೆಯ ತಳ ನೋಡಿ ತನಗೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಾಳೆ. ನಿಮ್ಮ ತಂಗಿಗೆ ಡಿಗ್ರಿಯಲ್ಲಿ ನಿಮಗಿಂತ ಹೆಚ್ಚು ಅಂಕ ಬಂದಿದೆ, ಆದರೆ ಅವಳು ಯಾವ ಕೆಲಸಕ್ಕೆ ಹೋಗಬೇಕು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಯಾರನ್ನು ಮದುವೆಯಾಗಬೇಕು ಎಂಬ ಮಾತುಕತೆ ಅವಳನ್ನು ಅಡುಗೆಮನೆಗೆ ಕಳಿಸಿದ ಮೇಲೆ ಹಜಾರದಲ್ಲಿ ನಡೆಯುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಾಡಿಗೆ ಮನೆ ಹುಡುಕಿದ್ದೀರಾ ಬೆಂಗಳೂರಿನಲ್ಲಿ? ಹುಡುಕಿದವರಿಗೆ ಗೊತ್ತು. ‘ಟು ಲೆಟ್’ ಬೋರ್ಡು ನೋಡಿ ಒಳಗೆ ಹೋದರೆ ಮನೆಯೊಡೆಯರು ಕೆಲಸ ಯಾವುದು ಎಂದು ಕೇಳುವ ಮೊದಲೇ ‘ನೀವು ಯಾವ ಜನ?’ ಎನ್ನುತ್ತಾರೆ. ಕೆಲವರು ನಾಜೂಕಿನವರು, ‘ನಾವು ಪ್ಯೂರ್ ವೆಜ್ಜು’ ಎಂದು ತಮ್ಮ ಬಗ್ಗೆ ಹೇಳಿಕೊಂಡು ಸುಮ್ಮನಾಗುತ್ತಾರೆ. ಅರ್ಥ ಮಾಡಿಕೊಂಡು ನಾವೇ ಹಿಂದಿರುಗಬೇಕು! ಅವರೂ ಕನ್ನಡದವರೇ, ನಾವೂ ಕನ್ನಡದವರೇ. ನವೆಂಬರ್ ಒಂದರಂದು ಅವರ ಮನೆಯ ಮೇಲೂ ಕೆಂಪು ಹಳದಿ ಬಾವುಟ ಹಾರುತ್ತದೆ.

ಇಲ್ಲಿ ನಮ್ಮ ಹುಳುಕನ್ನೂ ಹೇಳಬೇಕು. ಕನ್ನಡದ ಕೆಲಸ ಮಾಡುವವರು ಮರೆತ, ಮರೆಯಬಾರದ ಒಂದು ಪ್ರಸಂಗ ಇದೆ. 1973. ದೇವರಾಜ ಅರಸರ ಮಂತ್ರಿಮಂಡಲ. ಬಿ. ಬಸವಲಿಂಗಪ್ಪ ಮಂತ್ರಿ. ಮನುಷ್ಯನೊಬ್ಬ ಇನ್ನೊಬ್ಬನ ಮಲವನ್ನು ತಲೆಯ ಮೇಲೆ ಹೊರುವುದು ನಿಲ್ಲಬೇಕು ಎಂದು ಹಟ ಹಿಡಿದ ಮಂತ್ರಿ ಅವರು. ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ಅರ್ಥದ ಮಾತು ಆಡಿಬಿಟ್ಟರು. ಬೂಸಾ ಅಂದರೆ ನಿಮಗೆ ಗೊತ್ತಲ್ಲ, ದನ ತಿನ್ನುವುದು. ಹತ್ತಿಕೊಂಡಿತು ನೋಡಿ ಬೆಂಕಿ! ಕಾಲೇಜು ಹುಡುಗರು ಬೀದಿಗೆ ಬಂದರು. ಕನ್ನಡಕ್ಕೆ ಅವಮಾನ ಎಂದು ಕೂಗಿದರು. ಕೂಗು ಅಲ್ಲಿಗೇ ನಿಲ್ಲಲಿಲ್ಲ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು.

ಅವರ ಮಾತು ಪೂರ್ತಿ ಸರಿಯೇ? ನನ್ನನ್ನು ಕೇಳಿದರೆ, ಮಾತು ಒರಟು. ಪಂಪನನ್ನೂ ವಚನಕಾರರನ್ನೂ ಓದಿದವನಿಗೆ ನೋವಾಗುವಂಥದ್ದು. ಆದರೆ ಆ ಮನುಷ್ಯ ಯಾಕೆ ಹಾಗೆಂದರು ಎಂದು ಒಂದು ಗಳಿಗೆ ನಿಂತು ಕೇಳಿದ್ದರೆ? ನಮ್ಮ ಕೇರಿಯ ಬದುಕು ಈ ಪುಸ್ತಕಗಳಲ್ಲಿ ಎಲ್ಲಿದೆ ಎಂಬ ಪ್ರಶ್ನೆ ಆ ಒರಟು ಮಾತಿನ ಒಳಗಿತ್ತು. ಅದಕ್ಕೆ ಉತ್ತರ ಕೊಡಬೇಕಾದವರು ಕಲ್ಲು ಎತ್ತಿಕೊಂಡರು. ಆಮೇಲೆ ಏನಾಯಿತು ಗೊತ್ತೆ? ಆ ಗಲಾಟೆಯ ಬಿಸಿಯಲ್ಲಿ ದಲಿತ ಹುಡುಗರು ಒಂದಾದರು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ಸೇರಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. 1984ರಲ್ಲಿ ಮಹಾದೇವರ ‘ಕುಸುಮಬಾಲೆ’ ಬಂತು. ಇವತ್ತು ಆ ಪುಸ್ತಕಗಳಿಲ್ಲದ ಕನ್ನಡವನ್ನು ನೀವು ಊಹಿಸಿಕೊಳ್ಳಿ ನೋಡೋಣ! ಯಾರ ಬಾಯಿ ಮುಚ್ಚಿಸಲು ಹೊರಟಿದ್ದೆವೋ ಅವರೇ ನಮ್ಮ ನುಡಿಯನ್ನು ಬೆಳೆಸಿದರು. ಅಭಿಮಾನ ಅಂದಾಗಲೆಲ್ಲ ನನಗೆ 1973 ನೆನಪಾಗುತ್ತದೆ, ತುಸು ನಾಚಿಕೆಯೂ ಆಗುತ್ತದೆ.

ಬೇರೆಯವರ ತಪ್ಪು ಹೇಳುವುದು ಸುಲಭ. ನನ್ನದೊಂದು ಹೇಳುತ್ತೇನೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಒಂದು ಸಣ್ಣ ಸಂಘಕ್ಕೆ ನಾನು ಕಾರ್ಯದರ್ಶಿ. ಹೆಸರು ಬೇಡ, ಈಗ ಅದಿಲ್ಲ. ರಾಜ್ಯೋತ್ಸವಕ್ಕೆ ಅಂಗಡಿ ಅಂಗಡಿ ತಿರುಗಿ ಚಂದಾ ಎತ್ತಿದ್ದೆವು. ಆರ್ಕೆಸ್ಟ್ರಾ ಆಯಿತು, ಮೆರವಣಿಗೆ ಆಯಿತು, ಎಲ್ಲ ಜೋರಾಗಿಯೇ ನಡೆಯಿತು. ಮುಂದಿನ ಭಾನುವಾರದ ಸಭೆಯಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ, ಹದಿನೆಂಟು ಹತ್ತೊಂಬತ್ತು ವಯಸ್ಸಿರಬೇಕು, ಎದ್ದು ನಿಂತ. ‘ಅಣ್ಣ, ಖರ್ಚಿನ ಲೆಕ್ಕ ಯಾವಾಗ ಹೇಳ್ತೀರಿ? ನಮ್ಮ ಬೀದಿ ಅಂಗಡಿಯವರು ಕೇಳ್ತಾವ್ರೆ’ ಅಂದ. ಅಷ್ಟೇ ಅವನು ಕೇಳಿದ್ದು.

ನಾನು ಏನಂದೆ ಗೊತ್ತೆ? ‘ನಿನ್ನೆ ಮೊನ್ನೆ ಬಂದವನು ನೀನು. ಕನ್ನಡಕ್ಕಾಗಿ ಲಾಠಿ ಏಟು ತಿಂದಿದ್ದೀಯಾ? ನನ್ನನ್ನೇ ಲೆಕ್ಕ ಕೇಳ್ತೀಯಾ?’ ಎಲ್ಲರೂ ಚಪ್ಪಾಳೆ ಹೊಡೆದರು. ಹುಡುಗ ಕೂತ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ನಾನು ದುಡ್ಡು ತಿಂದಿರಲಿಲ್ಲ. ಲೆಕ್ಕ ಪೈಸೆ ಪೈಸೆಯೂ ಸರಿಯಾಗಿ ನನ್ನ ಜೇಬಿನ ಡೈರಿಯಲ್ಲೇ ಇತ್ತು. ತೆಗೆದು ಓದಿದ್ದರೆ ಐದು ನಿಮಿಷದ ಕೆಲಸ. ಓದಲಿಲ್ಲ, ಯಾಕೆಂದರೆ ಅವನು ಕೇಳಿದ್ದೇ ನನಗೆ ತಪ್ಪಾಗಿ ಕಂಡಿತು. ಪ್ರಾಮಾಣಿಕನಾದವನೂ ಸಣ್ಣ ಪಾಳೇಗಾರನಾಗಬಹುದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಎಷ್ಟೋ ವರ್ಷದ ಮೇಲೆ ಆ ಹುಡುಗ, ಈಗ ಹುಡುಗನಲ್ಲ, ತಲೆ ನರೆತಿದೆ, ಒಂದು ಬಸ್ ಸ್ಟಾಪಿನಲ್ಲಿ ಸಿಕ್ಕ. ‘ಚೆನ್ನಾಗಿದ್ದೀರಾ ಅಣ್ಣ’ ಎಂದು ನಗುತ್ತಲೇ ಕೇಳಿದ. ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತನಕ ಬಂತು. ಅಷ್ಟರಲ್ಲಿ ಅವನ ಬಸ್ಸು ಬಂತು.

ನಮ್ಮ ಸಂಘಟನೆಗಳು ಯಾಕೆ ಒಡೆಯುತ್ತವೆ ಎಂದು ನೀವು ಕೇಳುತ್ತಿರುತ್ತೀರಿ. ಒಂದು ಸಂಘ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ತತ್ವಕ್ಕಾಗಿ ಒಡೆದದ್ದು ನಾನು ನೋಡಿದ್ದು ಅಪರೂಪ. ಒಳಗೆ ಪ್ರಶ್ನೆ ಕೇಳಲು ಜಾಗವಿಲ್ಲದೆ ಹೊರಗೆ ಹೋಗಿ ಇನ್ನೊಂದು ಬೋರ್ಡು ಹಾಕಿಕೊಂಡವರೇ ಹೆಚ್ಚು. ಅಲ್ಲಿ ಅವರೂ ‘ಅಣ್ಣ’ ಆಗುತ್ತಾರೆ, ಅವರಿಗೂ ಕಟೌಟು ಏಳುತ್ತದೆ. ಈಗಂತೂ ಇನ್ನೂ ಸಲೀಸು. ಪ್ರಶ್ನೆ ಕೇಳಿದವನನ್ನು ವಾಟ್ಸಾಪ್ ಗುಂಪಿನಿಂದ ಹೆಬ್ಬೆರಳಲ್ಲಿ ಒತ್ತಿ ತೆಗೆದುಹಾಕಿದರೆ ಆಯಿತು!

ಇನ್ನು ಭಾಷೆಯ ಮಾತು. ಕನ್ನಡ ಆಡಳಿತ ಭಾಷೆ ಎಂದು ಕಾಯ್ದೆ ಆದದ್ದು 1963ರಲ್ಲಿ. ಅದನ್ನು ಜಾರಿ ಮಾಡಿ ಎಂದು ಇನ್ನೂ ಕೇಳುತ್ತಲೇ ಇದ್ದೇವೆ. ಇದನ್ನು ಬರಿಯ ಅಭಿಮಾನದ ಪ್ರಶ್ನೆ ಮಾಡಿಕೊಂಡು ನಾವೇ ಸಣ್ಣದು ಮಾಡಿದೆವೋ ಏನೋ. ಆಸ್ಪತ್ರೆಯಲ್ಲಿ ಮಗನ ಆಪರೇಷನ್‌ಗೆ ಮುಂಚೆ ತಾಯಿಯ ಕೈಗೆ ಇಂಗ್ಲಿಷಿನ ಕಾಗದ ಕೊಟ್ಟು ‘ಇಲ್ಲಿ ಸೈನ್ ಮಾಡಮ್ಮ’ ಎನ್ನುತ್ತಾರೆ. ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಅದರ ಹೆಸರು ‘ಒಪ್ಪಿಗೆ ಪತ್ರ’! ಏನೆಂದು ತಿಳಿಯದೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ತನ್ನ ಮೇಲಿನ ತೀರ್ಪನ್ನು ಓದಲಾರದವನು, ತನ್ನ ಸಾಲದ ಕರಾರನ್ನು ಓದಲಾರದವನು ಯಾವ ಪ್ರಭು? ಅದಕ್ಕೇ ಜನರ ನುಡಿಯಲ್ಲಿ ಆಡಳಿತ ನಡೆಯಬೇಕು.

ಈ ಮಾತು ನಿಜವಾದರೆ ಇದರ ಇನ್ನೊಂದು ಮಗ್ಗುಲೂ ನಿಜ. ನಮ್ಮ ಬೀದಿಯ ಕಟ್ಟಡದಲ್ಲಿ ಗಾರೆ ಹೊರುವ ಬಿಹಾರದ ಹುಡುಗ, ಒಡಿಶಾದ ಹುಡುಗ, ಅವನಿಗೂ ಕೂಲಿಯ ಲೆಕ್ಕ ತಿಳಿಯುವುದಿಲ್ಲ, ಮೇಸ್ತ್ರಿ ಹೇಳಿದ್ದೇ ಕೂಲಿ. ಅವನಿಗೆ ಕನ್ನಡ ಬರುವುದಿಲ್ಲ ಎಂದು ಕೊರಳಪಟ್ಟಿ ಹಿಡಿಯುವುದು ಬಹಳ ಸುಲಭ, ವಿಡಿಯೋ ಕೂಡ ಓಡುತ್ತದೆ. ಭಾನುವಾರ ಎರಡು ಗಂಟೆ ಕೂತು ಅವನಿಗೆ ಅಂಕಿ, ಬಸ್ಸಿನ ಬೋರ್ಡು, ಕೂಲಿ ಕೇಳುವ ನಾಲ್ಕು ವಾಕ್ಯ ಕಲಿಸುವುದು ಕಷ್ಟ. ಕಲಿಸಿ ನೋಡಿ. ಕೋಟಿಗಟ್ಟಲೆ ಸಂಪಾದಿಸಿ, ಹದಿನೈದು ವರ್ಷ ಇಲ್ಲಿದ್ದೂ ‘ನೋ ಕನ್ನಡ’ ಎನ್ನುವವರ ಮುಂದೆ ನಮ್ಮ ದನಿ ಯಾಕೆ ಅಷ್ಟು ಏರುವುದಿಲ್ಲ ಎಂಬುದನ್ನೂ ಯೋಚಿಸಿ.

ನಮ್ಮ ನಗರದ ಕತೆಗೆ ಬರುತ್ತೇನೆ. 1987ರಲ್ಲಿ ಈ ರಾಜ್ಯದ ಹಳ್ಳಿಗಳಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಅದರ ಹಿಂದಿದ್ದರು. ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಆಗಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ, ಅಂದರೆ ನಾವು ಆರು ವರ್ಷ ಮುಂದಿದ್ದೆವು. 2010ರಲ್ಲಿ ಅದು ನೂರಕ್ಕೆ 50 ಆಯಿತು. ‘ಅಧ್ಯಕ್ಷೆಯ ಗಂಡ’ನೇ ಆಡಳಿತ ಮಾಡುತ್ತಾನೆ ಎಂದು ಪೇಟೆಯ ನಾವು ನಗುತ್ತೇವೆ. ಇದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಗಂಡನನ್ನು ಬಾಗಿಲಾಚೆ ಕೂರಿಸಿ ತಾನೇ ಕಡತ ಓದಿಸಿ ಸಹಿ ಹಾಕುವ ಹೆಂಗಸರನ್ನೂ ನಾನು ಕಂಡಿದ್ದೇನೆ.

ನಗುವ ನಮ್ಮ ಪಾಡೇನು? ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ ಸಂವಿಧಾನ. ಆಗಲಿಲ್ಲ. 2021 ಹೋಯಿತು, 22, 23, 24 ಹೋದವು. ಅಧಿಕಾರಕ್ಕೆ ಯಾವ ಪಕ್ಷ ಬಂದರೂ ನೆವ ಸಿಕ್ಕಿತು, ಒಮ್ಮೆ ವಾರ್ಡುಗಳ ಗಡಿ, ಒಮ್ಮೆ ಮೀಸಲಾತಿ ಪಟ್ಟಿ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದಾಗ ಅಲ್ಲಿ ಕೂತು ಹೌದು, ಅಲ್ಲ ಎನ್ನಲು ನಾವು ಆರಿಸಿದ ಸದಸ್ಯ ಒಬ್ಬನೂ ಇರಲಿಲ್ಲ. ಹಿಂದೆ 2006ರಿಂದ 2010ರವರೆಗೂ ಹೀಗೆಯೇ ಆಗಿತ್ತು. ಒಂದು ಸಿನಿಮಾ ಬಿಡುಗಡೆ ತಡವಾದರೆ ಬೀದಿಗಿಳಿಯುವ ಊರು ಇದು. ಐದು ವರ್ಷ ನಮ್ಮ ವಾರ್ಡಿಗೆ ಪ್ರತಿನಿಧಿಯೇ ಇಲ್ಲದಿದ್ದರೆ ನಮಗೆ ಏನೂ ಅನ್ನಿಸಲಿಲ್ಲ! 2023ರ ವಿಧಾನಸಭೆ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 73 ಜನ ಮತ ಹಾಕಿದರು. ಬೆಂಗಳೂರಿನಲ್ಲಿ 54ರ ಆಸುಪಾಸು.

ಏನು ಮಾಡಬೇಕು ಎಂದು ಕೇಳುತ್ತೀರಿ. ದೊಡ್ಡದು ನನ್ನ ಹತ್ತಿರ ಇಲ್ಲ. ನಿಮ್ಮ ಬೀದಿಯ ಚರಂಡಿಯ ಮೇಲಿನ ಕಲ್ಲು ಎದ್ದಿದೆಯಲ್ಲ, ಆ ಕೆಲಸಕ್ಕೆ ಎಷ್ಟು ಮಂಜೂರಾಯಿತು, ಗುತ್ತಿಗೆ ಯಾರಿಗೆ, ಬಿಲ್ಲು ಪಾಸು ಮಾಡಿದವರು ಯಾರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 2005ರ ಕಾಯ್ದೆ. ಹತ್ತು ರೂಪಾಯಿ ಶುಲ್ಕ, ಬಡತನದ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಅರ್ಜಿ ಕನ್ನಡದಲ್ಲೇ ಬರೆಯಬಹುದು, ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಆಯೋಗ. ಒಬ್ಬರೇ ಹೋದರೆ ಸತಾಯಿಸುತ್ತಾರೆ, ಐದು ಜನ ಐದು ಅರ್ಜಿ ಹಾಕಿ. ಉತ್ತರ ಬಂದಾಗ ಅದನ್ನು ಬೀದಿಯ ಕೊನೆಯ ಟೀ ಅಂಗಡಿಯಲ್ಲಿ ಎಲ್ಲರ ಎದುರು ಓದಿ. ಕಸ ಗುಡಿಸುವ ಪೌರಕಾರ್ಮಿಕರನ್ನೂ ಕರೆಯಿರಿ, ಆ ಚರಂಡಿಯ ಬಗ್ಗೆ ಇಂಜಿನಿಯರಿಗಿಂತ ಅವರಿಗೆ ಹೆಚ್ಚು ಗೊತ್ತು. ಅವರು ಮಾತಾಡಲು ಹಿಂಜರಿಯುತ್ತಾರೆ. ಕಾಯಿರಿ. ಇಷ್ಟು ವರ್ಷ ಯಾರೂ ಕೇಳದವರಿಗೆ ಮೊದಲ ಮಾತು ಹೊರಡಲು ತುಸು ಹೊತ್ತು ಬೇಕು.

ಊಟದ ಹೊತ್ತಾಯಿತು, ಹಿಂದಿನ ಸಾಲಿನವರು ಬಾಗಿಲು ನೋಡುತ್ತಿದ್ದೀರಿ. ಮುಗಿಸುತ್ತೇನೆ. ಹುಡುಗಿಯರೆಲ್ಲ ಬಡಿಸುವ ಕಡೆ ಹೋಗುತ್ತಿದ್ದಾರೆ, ಅವರನ್ನು ಮೊದಲ ಪಂಕ್ತಿಗೆ ಕೂರಿಸಿ, ಸಾರಿನ ಬಕೆಟ್ಟು ನಾನು ಹಿಡಿಯುತ್ತೇನೆ, ನಾಲ್ಕು ಜನ ಗಂಡಸರು ಜೊತೆಗೆ ಬನ್ನಿ. ಅಮ್ಮ, ನೀವೂ ಮೊದಲ ಪಂಕ್ತಿಗೇ. ಮತ್ತೆ, ಖಜಾಂಚಿ ಯಾರು ಇಲ್ಲಿ? ಈ ಶಿಬಿರಕ್ಕೆ ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಊಟಕ್ಕೆ ಏಳುವ ಮೊದಲು ಎಲ್ಲರಿಗೂ ಕೇಳಿಸುವಂತೆ ಓದಿಬಿಡಿ. ನನ್ನ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಎಷ್ಟಾಯಿತು, ಅದನ್ನೂ ಬಿಡಬೇಡಿ.